ಮುನಿಯಮ್ಮನ ಕೆನ್ನೆಯ ಬೂದು

ಹೋದ ವಾರ ಗೌರಿಬಿದನೂರಿನ ನಮ್ಮ ಕಚೇರಿಗೆ ಹೊಸ ಪ್ರಿಂಟರ್ ಬಂತು. ಇಂಕ್ ತುಂಬಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಬಾಟಲಿಯ ಮುಚ್ಚಳ ತಿರುಗಿಸಿದ ಕೂಡಲೇ ಅಂಟಿನಂಥ, ಸ್ವಲ್ಪ ಸಿಹಿ ಬೆರೆತ ಆ ವಾಸನೆ ಬಂತು. ನಾನು ತುಂಬಿಸುವುದನ್ನು ಬಿಟ್ಟು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಅಲುಗಾಡಿಸಿದೆ, ಸೀಲ್ ಮೊದಲೇ ಒಡೆದಿತ್ತೇ ಎಂದು ಅದರ ಅಂಚನ್ನು ಉಗುರಿನಿಂದ ಸವರಿ ನೋಡಿದೆ.

"ಏನೇ ಅದು, ಹಾಲಿಗೆ ನೀರು ಬೆರೆಸಿದಾರಾ ಅಂತ ನೋಡ್ತಿದೀಯಾ?" ಎಂದಳು ಪಕ್ಕದ ಮೇಜಿನ ಗೆಳತಿ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಸಂಜೆ ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ಜುಲೈ ತಿಂಗಳ ಒಂದು ಪುಟದ ಹಿಂಬದಿಯಲ್ಲಿ 'ಅನುಮಾನ' ಎಂದು ತಲೆಬರಹ ಕೊಟ್ಟು ಒಂದರ ಕೆಳಗೊಂದು ಏಳು ಹೆಸರು ಬರೆದಿದ್ದೇನೆ. ಐದಕ್ಕೆ ಗೀಟು ಎಳೆದು ಪಕ್ಕದಲ್ಲಿ ದಿನಾಂಕ ಹಾಕಿದ್ದೇನೆ. ಎರಡಕ್ಕೆ ಗೀಟಿಲ್ಲ.

ಪದವಿ ಮುಗಿಸಿ, ಗುಮಾಸ್ತೆ ಹುದ್ದೆಯ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿದ್ದ ಆಷಾಢ ಅದು. ಮನೆಯಲ್ಲಿ ಕೂತರೆ ಅಪ್ಪ ದಿನಕ್ಕೆ ಮೂರು ಸಲ "ಬಂತಾ?" ಎಂದು ಕೇಳುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ಶಿಡ್ಲಘಟ್ಟದ ಸೋದರಮಾವನ ಮನೆ ಸೇರಿದ್ದೆ. ಮಾವನನ್ನು ಊರೆಲ್ಲ ಸ್ಟುಡಿಯೋ ಚಂದ್ರಣ್ಣ ಎನ್ನುತ್ತಿತ್ತು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಸ್ಟುಡಿಯೋಗೆ ಬರುತ್ತಿದ್ದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋದವರು ಮತ್ತು ಗಾಳಿ. ಗಾಳಿ ರೇಷ್ಮೆಗೂಡು ಬೇಯಿಸುವ ವಾಸನೆಯನ್ನೂ ರಸ್ತೆಯ ಧೂಳನ್ನೂ ತಂದು ಗಾಜಿನ ಕೌಂಟರಿನ ಮೇಲೆ ಹಾಕಿ ಹೋಗುತ್ತಿತ್ತು. ನಾನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದೆ.

ಜುಲೈ 6, ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸುಜಾತಾ ಮೇಡಂ ಬಂದರು. ಕೈವಾರದ ಕಡೆಯ ಒಂದು ಹಳ್ಳಿಯವರು, ಪ್ರೌಢಶಾಲೆಯ ಗಣಿತದ ಟೀಚರ್. ಬ್ಯಾಗಿನಿಂದ ಎರಡು ಲಕೋಟೆ ತೆಗೆದರು. ಒಂದರಲ್ಲಿ ಅಂಗೈ ಅಗಲದ ಹಳೆಯ ಕಪ್ಪು-ಬಿಳುಪು ಫೋಟೋ. ಕುರ್ಚಿಯ ಮೇಲೆ ಒಬ್ಬ ಹೆಂಗಸು, ಮಡಿಲಲ್ಲಿ ಕೈ. ಇನ್ನೊಂದರಲ್ಲಿ ಅದರ ನೆಗೆಟಿವ್.

"ಇದರಲ್ಲಿರೋದು ನಮ್ಮಮ್ಮ ಅಲ್ಲ" ಎಂದರು, ಫೋಟೋ ಮುಂದಕ್ಕೆ ತಳ್ಳಿ.

ಮಾವ ಕನ್ನಡಕ ಏರಿಸಿಕೊಂಡರು. "ಚೆನ್ನಾಗೇ ಬಂದಿದೆಯಲ್ಲಮ್ಮ?"

"ಚೆನ್ನಾಗಿ ಬಂದಿದೆ ಸರ್. ಅಮ್ಮ ಬಂದಿಲ್ಲ. ಕೈ ನೋಡಿ, ಮುಖ ನೋಡಿ."

ನೋಡಿದೆ. ಕೈಗಳು ಗಾಢ ಕಪ್ಪು. ಮುಖ ಬೇರೆಯವರದ್ದನ್ನು ತಂದಿಟ್ಟಂತೆ ತಿಳಿ ಬೂದು, ಮಟ್ಟಸ, ಹಿಟ್ಟು ಬಳಿದ ಹಾಗೆ.

ಮೇಡಂ ಹೇಳಿದ್ದಿಷ್ಟು. ಅಮ್ಮ ಮುನಿಯಮ್ಮ ಇದೇ ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸ ಮಾಡುತ್ತಿದ್ದರು. ಅಣ್ಣ ಆನಂದ ಏಳನೇ ಕ್ಲಾಸ್ ಪಾಸಾದ ಖುಷಿಗೆ ಚಿಂತಾಮಣಿಯ ಯಾವುದೋ ಸ್ಟುಡಿಯೋದಲ್ಲಿ ಈ ಫೋಟೋ ತೆಗೆಸಿಕೊಂಡರು. ಆ ವರ್ಷವೇ ತೀರಿಕೊಂಡರು. ಅವರದ್ದು ಇದೊಂದೇ ಫೋಟೋ. ಆ ಸ್ಟುಡಿಯೋ ಈಗಿಲ್ಲ. ನೆಗೆಟಿವ್ ಹೋದ ತಿಂಗಳು ಅಣ್ಣನ ಹಳೆಯ ಅಂಕಪಟ್ಟಿಯ ಕವರಿನಲ್ಲಿ ಸಿಕ್ಕಿತು. ಅಣ್ಣನಿಗೆ ಸಕ್ಕರೆ ಕಾಯಿಲೆ, ಒಂದು ಕಣ್ಣು ಆಗಲೇ ಹೋಗಿದೆ. ಉಳಿದ ಕಣ್ಣಿಗೆ ಆಗಸ್ಟ್ 8ಕ್ಕೆ ಆಪರೇಷನ್. ಡಾಕ್ಟರು ಭರವಸೆ ಕೊಟ್ಟಿಲ್ಲ.

"ಅಷ್ಟರೊಳಗೆ ಅಣ್ಣ ಅಮ್ಮನ ಮುಖ ಇದ್ದ ಹಾಗೆ ಒಂದು ಸಲ ನೋಡಬೇಕು. ಅವನು ಏನನ್ನೇ ಆಗಲಿ ಭೂತಕನ್ನಡಿ ಹಿಡಿದು ನೋಡೋದು. ಕಳೆದ ವಾರ ಬೇರೆ ಕಡೆ ಮಾಡಿಸಿ ತಂದೆ. ಕನ್ನಡಿ ಇಟ್ಟ ತಕ್ಷಣ 'ಇದೇನೇ, ಮುಖದ ಮೇಲೆಲ್ಲ ರಾಗಿ ಚೆಲ್ಲಿದಾರೆ' ಅಂದ. ಚುಕ್ಕೆ ಕಾಣಬಾರದು. ನುಣ್ಣಗಿರಬೇಕು. ಮುಖ ಮುಟ್ಟಬಾರದು."

"ಮುಟ್ಟಲ್ಲ ಬಿಡಿಮ್ಮ" ಎಂದರು ಮಾವ.

"ಬರೆದುಕೊಡಿ."

ಮಾವ ನಕ್ಕರು. ಮೇಡಂ ನಗಲಿಲ್ಲ. ರಸೀದಿ ಪುಸ್ತಕದ ಹಿಂದೆ 'ಮುಖವನ್ನು ಮುಟ್ಟುವುದಿಲ್ಲ' ಎಂದು ನಾನು ಬರೆದೆ, ಮಾವ ಸಹಿ ಹಾಕಿದರು. ನೆಗೆಟಿವ್ ಬಿಟ್ಟುಹೋಗಲೂ ಆಕೆ ಒಪ್ಪಲಿಲ್ಲ. ನಾನು ಸ್ಕ್ಯಾನ್ ಮಾಡುವವರೆಗೆ ಸ್ಟೂಲಿನ ಮೇಲೆ ಕೂತಿದ್ದು, ಅದನ್ನು ಲಕೋಟೆಗೆ ಹಾಕಿಕೊಂಡೇ ಹೊರಟರು.

"ಎಂಥ ಅನುಮಾನದ ಹೆಂಗಸು ಪಾಪಾ!" ಎಂದರು ಮಾವ, ಆಕೆ ಬಸ್ ಸ್ಟ್ಯಾಂಡಿನ ಕಡೆ ತಿರುಗಿದ ಮೇಲೆ. ಮಾವ ನನ್ನನ್ನು ಕರೆಯುತ್ತಿದ್ದದ್ದು ಪಾಪಾ ಎಂದೇ. ನನಗೆ ಆಕೆ ತುಂಬ ಹಿಡಿಸಿದ್ದರು.

ಸೋಮವಾರ ಕೆಲಸ ಶುರು. ನಮ್ಮದು ಆರು ಇಂಕಿನ ಪ್ರಿಂಟರ್, ಅದರಲ್ಲಿ ಒಂದು ಬೂದು. ಕಪ್ಪು ಇಂಕ್ ಒಂದನ್ನೇ ಬಳಸಿ ತೆಗೆದರೆ ಬಣ್ಣದ ಸೋಂಕಿಲ್ಲ, ಆದರೆ ಮಾವನ ಹಳೆಯ ನೆಗೆಟಿವ್ ನೋಡುವ ಮಸೂರದಲ್ಲಿ ಆನಂದಣ್ಣ ಹೇಳಿದ ರಾಗಿ ಕಾಣುತ್ತಿತ್ತು. ಒಂದೊಂದು ಕಾಳೂ ಬೇರೆ ಬೇರೆ. ಎಲ್ಲ ಇಂಕೂ ಬಳಸಿ ತೆಗೆದರೆ ನುಣ್ಣಗೆ ಬರುತ್ತಿತ್ತು, ಟ್ಯೂಬ್‌ಲೈಟಿನ ಕೆಳಗೆ ಸರಿಯಾಗಿಯೇ ಇತ್ತು. ಬಾಗಿಲಿಗೆ ತಂದರೆ ಮುನಿಯಮ್ಮನವರ ಸೀರೆಯ ಮೇಲೆ ಪಾಚಿ ಕಟ್ಟಿದಂತೆ ಹಸಿರು. ಒಂದೇ ಕಾಗದ ಒಳಗೊಂದು, ಹೊರಗೊಂದು ಹೇಳುತ್ತಿದೆ ಎಂದರೆ ಯಾರೋ ಮೋಸ ಮಾಡುತ್ತಿದ್ದಾರೆ ಎಂದೇ ನನ್ನ ಎಣಿಕೆ. 'ಅನುಮಾನ' ಪುಟ ಶುರುವಾದದ್ದು ಆಗ. ಮೊದಲ ಹೆಸರು ಇಂಕ್.

ಮಂಗಳವಾರ ಚಿಕ್ಕಬಳ್ಳಾಪುರಕ್ಕೆ ಹೋಗಿ ಇಂಕ್ ಅಂಗಡಿಯವರ ಮುಂದೆ ನಿಂತೆ. "ಇದಕ್ಕೆ ನೀರು ಬೆರೆಸ್ತೀರಾ?" ಎಂದು ನೇರವಾಗಿಯೇ ಕೇಳಿದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಕ್ಕಾ, ಬೆರೆಸೋದಿದ್ರೆ ನಿಮ್ಮಂಥೋರಿಗೆ ಕೊಡ್ತೀನಾ?" ಹೊಸ ಬಾಟಲಿ ಕೊಟ್ಟ. ಸೀಲ್ ನೋಡಿದೆ, ಬಸ್ಸಿನಲ್ಲಿ ಇನ್ನೊಂದು ಸಲ ನೋಡಿದೆ. ತಂದು ತುಂಬಿಸಿ ತೆಗೆದರೂ ಅದೇ ಪಾಚಿ. ಇಂಕಿಗೆ ಗೀಟು.

ಆಮೇಲೆ ಅಳತೆಪಟ್ಟಿ ಮಾಡಿಕೊಂಡೆ. ಬಿಳಿಯಿಂದ ಕಪ್ಪಿನವರೆಗೆ ಇಪ್ಪತ್ತೊಂದು ಮೆಟ್ಟಿಲು, ಒಂದಕ್ಕಿಂತ ಒಂದು ಸ್ವಲ್ಪ ಗಾಢ. ಅದನ್ನು ಪ್ರಿಂಟ್ ಮಾಡಿ ಎಷ್ಟು ಮೆಟ್ಟಿಲು ಬೇರೆ ಬೇರೆಯಾಗಿ ಕಾಣುತ್ತವೆ ಎಂದು ಎಣಿಸುವುದು. ಮೊದಲ ದಿನ ಹದಿನಾಲ್ಕು. ಕೊನೆಯ ಏಳು ಸೇರಿ ಒಂದೇ ಕಪ್ಪು ಗೋಡೆ. ಮುನಿಯಮ್ಮನವರ ಕೈ, ಕತ್ತು ಎಲ್ಲ ಆ ಗೋಡೆಯೊಳಗೇ ಇತ್ತು. ಶುಕ್ರವಾರದ ಹೊತ್ತಿಗೆ ಕಾರಣ ಸಿಕ್ಕಿತು. ಸ್ಟುಡಿಯೋದಲ್ಲಿ ಯಾವ ಕಾಗದ ಹಾಕಿದರೂ ಮೆಷಿನ್ನಿನ ಸೆಟ್ಟಿಂಗಿನಲ್ಲಿ ಮಾತ್ರ ಒಂದೇ ಕಾಗದದ ಹೆಸರು ಇರುತ್ತಿತ್ತು, ವರ್ಷಗಳಿಂದ. ಸರಿಯಾದ ಹೊಳಪು ಕಾಗದದ ಹೆಸರು ಹೇಳಿ, ಕಪ್ಪು-ಬಿಳುಪು ಫೋಟೋ ಎಂದು ಆರಿಸಿದ ಮೇಲೆ ಅದು ಕಪ್ಪು ಮತ್ತು ಬೂದನ್ನು ಹದವಾಗಿ ಬೆರೆಸತೊಡಗಿತು. ಹತ್ತೊಂಬತ್ತು ಮೆಟ್ಟಿಲು. ಮಸೂರದಲ್ಲಿ ರಾಗಿ ಇಲ್ಲ. ಬಾಗಿಲಲ್ಲೂ ಬೂದು, ಒಳಗೂ ಬೂದು.

ಜುಲೈ 13. ಮೇಡಂ ಅಣ್ಣನ ಭೂತಕನ್ನಡಿಯನ್ನೇ ತಂದಿದ್ದರು. ಪ್ರಿಂಟ್ ಹಿಡಿದು ರಸ್ತೆಗೇ ಇಳಿದರು. ನಾನು ಹಿಂದೆ ನಿಂತೆ.

"ರಾಗಿ ಹೋಗಿದೆ" ಎಂದರು. ನನಗೆ ಸಮಾಧಾನ ಆಗುವಷ್ಟರಲ್ಲಿ, "ಮೂಗುಬೊಟ್ಟು ಎಲ್ಲಿ?"

ನೆಗೆಟಿವ್‌ನಲ್ಲಿದ್ದ ಧೂಳಿನ ಬಿಳಿ ಚುಕ್ಕೆಗಳನ್ನು ನಾನು ಒಂದೊಂದಾಗಿ ಅಳಿಸಿದ್ದೆ. ಮೂಗಿನ ಮೇಲಿನದ್ದೂ ಹಾಗೇ ಹೋಗಿತ್ತು.

"ಧೂಳು ಅಂದ್ಕೊಂಡೆ ಮೇಡಂ."

"ಮುಟ್ಟಲ್ಲ ಅಂತ ಬರೆದುಕೊಟ್ಟಿದ್ರಿ. ಅಮ್ಮನ ಹತ್ರ ಇದ್ದ ಚಿನ್ನ ಅಂದ್ರೆ ಅದೊಂದೇ. ಅದನ್ನೂ ತೆಗೆದ್ರಾ?" ಕನ್ನಡಿ ಇನ್ನೂ ಕೆಳಗಿಳಿಯಿತು. "ಕೆನ್ನೆ ಮೇಲೆ ಇದೇನು, ತೇಪೆ ಹಚ್ಚಿದ ಹಾಗೆ? ಅಲ್ಲದೆ ಇನ್ನೂ ಬೆಳ್ಳಗೇ ಇದಾರೆ."

ಕೆನ್ನೆಯ ಮೇಲೆ ನಿಜವಾಗಿಯೂ ತೇಪೆಗಳಿದ್ದವು. ಒಂದು ಬೂದು ನಿಧಾನವಾಗಿ ಇನ್ನೊಂದು ಬೂದಿಗೆ ಇಳಿಯುವ ಬದಲು, ಭೂಪಟದಲ್ಲಿ ತಾಲ್ಲೂಕುಗಳ ಗಡಿ ಇದ್ದಂತೆ ಅಂಚು ಕಟ್ಟಿಕೊಂಡಿತ್ತು. ಸೀರೆ ನುಣ್ಣಗಿತ್ತು, ಹಿಂದಿನ ಪರದೆ ನುಣ್ಣಗಿತ್ತು. ಮುಖ ಮಾತ್ರ ಹೀಗೆ.

ಅವರ ಮುಂದೆಯೇ ಹೊಸದಾಗಿ ಸ್ಕ್ಯಾನ್ ಮಾಡಿದೆ. ಈ ಸಲ ಪ್ರತಿ ಚುಕ್ಕೆಯನ್ನೂ ದೊಡ್ಡದು ಮಾಡಿ ತೋರಿಸಿ, "ಇದು ಧೂಳಾ, ಅಮ್ಮನದಾ?" ಎಂದು ಕೇಳಿ ಬರೆದುಕೊಂಡೆ. ಒಟ್ಟು ಅರವತ್ತಮೂರು. ಐವತ್ತೊಂದು ಧೂಳು. ಮೂಗುಬೊಟ್ಟು, ಹಣೆಯ ಒಂದು ಕಲೆ, ಇಂಥವು ಏಳು ಅಮ್ಮನದು. ಐದನ್ನು ಮೇಡಂ ಹೇಳಲಾರದೆ ಹೋದರು. "ಅಮ್ಮ ಹೋದಾಗ ನನಗೆ ಐದು ವರ್ಷ ಕಣಮ್ಮ. ಗೊತ್ತಿಲ್ಲದ್ದನ್ನ ಬಿಟ್ಬಿಡು." ಬಿಟ್ಟೆ.

ಆ ವಾರ ಮಳೆ ಬಂತು. ದೊಡ್ಡ ಮಳೆಯೇನಲ್ಲ, ದಿನಾ ಮಧ್ಯಾಹ್ನ ಬಟ್ಟೆ ಒಳಗೆ ತರುವಷ್ಟು. ಐವತ್ತೊಂದು ಧೂಳು ಅಳಿಸಿ ಮುಗಿಸಿದ ಮೇಲೆ ನಾನು ಆ ಫೈಲನ್ನು ಮತ್ತೆ ಮುಟ್ಟಲಿಲ್ಲ. ದಿನಾ ಹತ್ತೂವರೆಗೆ ಒಂದೊಂದು ಪ್ರಿಂಟ್ ತೆಗೆದು, ಎಡಗೆನ್ನೆಯ ತೇಪೆ ಎಣಿಸಿ ಬರೆದೆ. ಸೋಮವಾರ ಎರಡು. ಮಂಗಳವಾರ ಮೂರು. ಬುಧವಾರ ಆರು. ಗುರುವಾರ ಏಳು. ಅದೇ ಫೈಲ್, ಅದೇ ಇಂಕ್, ಅದೇ ಕಾಗದ, ದಿನದಿಂದ ದಿನಕ್ಕೆ ಕೆನ್ನೆ ಹಾಳಾಗುತ್ತಿದೆ. ಥಂಡಿಗೆ ಕಾಗದ ಕೆಡುತ್ತಿದೆ ಎಂದುಕೊಂಡೆ. ತೇವ ಹೀರಲಿ ಎಂದು ಪ್ಯಾಕೆಟ್ಟನ್ನು ಅತ್ತೆಯ ಅಕ್ಕಿ ಡಬ್ಬದಲ್ಲಿಟ್ಟೆ.

"ಫೋಟೋ ಪೇಪರಿಗೆ ಅನ್ನ ಮಾಡಿ ಬಡಿಸ್ಲಾ?" ಎಂದರು ಅತ್ತೆ.

ಶುಕ್ರವಾರ ಒಂಬತ್ತು ತೇಪೆ. ಆದರೆ ಅದೇ ಕಾಗದದ ಮೇಲೆ ತೆಗೆದ ಅಳತೆಪಟ್ಟಿಯಲ್ಲಿ ಹತ್ತೊಂಬತ್ತು ಮೆಟ್ಟಿಲೂ ಸರಿಯಾಗಿಯೇ ಇದ್ದವು. ಕಾಗದಕ್ಕೆ ಗೀಟು. ಮೆಷಿನ್ನಿಗೆ ಗೀಟು. ವಾರದಲ್ಲಿ ಆರು ಸಲ ಹೋಗಿದ್ದ ಕರೆಂಟಿಗೂ ಗೀಟು.

"ಒಂದು ಹೇಳ್ಲಾ?" ಎಂದರು ಮಾವ, ಟೀ ಲೋಟ ಇಳಿಸಿ. "ಆ ನೆಗೆಟಿವ್ವೇ ಅಸಲಿ ಅಲ್ಲ. ಹಳೇ ಪ್ರಿಂಟ್ ಇಟ್ಟು ಫೋಟೋ ಹೊಡೆದು ಮಾಡಿರೋ ಕಾಪಿ ನೆಗೆಟಿವ್. ಬಿಳಿ ಮುಖ ಅದರಲ್ಲೇ ಇದೆ. ಗಿರಾಕಿ ಎಲ್ಲಾನೂ ಹೇಳಲ್ಲ ಪಾಪಾ, ನಂಗೆ ಗೊತ್ತಿಲ್ವಾ?"

ಸ್ಕ್ಯಾನ್ ಮಾಡಿದಾಗ ಚುಕ್ಕೆ ಹುಡುಕಿದ್ದೆನೇ ಹೊರತು ಮುಖವನ್ನು ಇಡಿಯಾಗಿ ನೋಡಿರಲಿಲ್ಲ, ನನಗೆ ಅದು ಸರಿ ಎನಿಸಿತು. ಐದನೆಯ ಹೆಸರು ಬರೆದೆ: ಸುಜಾತಾ ಮೇಡಂ.

ಜುಲೈ 20ರಂದು ಕೇಳಿಯೂಬಿಟ್ಟೆ. ಮೇಡಂ ಲಕೋಟೆ ತೆಗೆದು ಮುಂದಿಟ್ಟರು.

"ನನಗೆ ನಿಮ್ಮ ಮೇಲೆ ಅನುಮಾನ ಇತ್ತು. ನಿನಗೆ ನಮ್ಮಮ್ಮನ ನೆಗೆಟಿವ್ ಮೇಲೇ ಅನುಮಾನ. ಸರಿ, ನೋಡು."

ಕಿಟಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ, ಕಪ್ಪಿರುವ ಕಡೆ ತಿಳಿ, ಬಿಳಿ ಇರುವ ಕಡೆ ಗಾಢ. ಕಾಪಿಯಾಗಿದ್ದರೆ ಮುಖ ಕೈಗಿಂತ ಗಾಢವಾಗಿರಬೇಕು. ಮುಖ, ಕತ್ತು, ಕೈ ಮೂರೂ ಒಂದೇ ತಿಳಿ. ಬೆಳಕು ಮೂರರ ಮೂಲಕವೂ ಒಂದೇ ಸಮ ಬರುತ್ತಿತ್ತು. ನೆಗೆಟಿವ್‌ನಲ್ಲಿ ಯಾರೂ ಕೈಯಾಡಿಸಿರಲಿಲ್ಲ. ಐದನೆಯ ಹೆಸರಿಗೂ ಗೀಟು.

"ಕ್ಷಮಿಸಿ ಮೇಡಂ" ಎಂದೆ.

"ಕ್ಷಮೆ ಇರಲಿ. ಇನ್ನು ಹತ್ತೊಂಬತ್ತು ದಿನ ಇದೆ."

ಮೂರನೆಯ ಸಲ ಸ್ಕ್ಯಾನ್ ಮಾಡಿದೆ. ಪಟ್ಟಿ ನೋಡಿಕೊಂಡು ಅವರ ಎದುರಿಗೇ ಧೂಳು ಅಳಿಸಿದೆ. ಫೈಲಿನ ಒಂದು ಪ್ರತಿ ಕಂಪ್ಯೂಟರಿನಲ್ಲಿ ಬಿಟ್ಟು, ಇನ್ನೊಂದನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ಏಕೆ ಎಂದು ಆಗ ಸ್ಪಷ್ಟವಿರಲಿಲ್ಲ. ಡೈರಿಯಲ್ಲಿ 'ಸುಮ್ಮನೆ' ಎಂದು ಬರೆದಿದ್ದೇನೆ.

ಸೋಮವಾರ ಎರಡೂ ಫೈಲಿನಿಂದ ಒಂದೊಂದು ಪ್ರಿಂಟ್ ತೆಗೆದೆ. ಪೆನ್‌ಡ್ರೈವಿನ ಮುಖ ನುಣ್ಣಗೆ, ಕಪ್ಪಗೆ. ಕಂಪ್ಯೂಟರಿನ ಮುಖ ತಿಳಿ, ಎರಡು ತೇಪೆ. ಮೊದಲ ದಿನವೇ ನೋಡಬೇಕಿದ್ದುದನ್ನು ಆಗ ನೋಡಿದೆ: ಫೈಲ್ ಕೊನೆಯದಾಗಿ ಬದಲಾದ ಸಮಯ, ಆ ದಿನ ಬೆಳಿಗ್ಗೆ 9.22.

ಅತ್ತೆಗೆ ಅಡುಗೆಯಲ್ಲಿ ಕೈ ಜೋಡಿಸಿ, ಊಟದ ಡಬ್ಬ ಹಿಡಿದು ನಾನು ಅಂಗಡಿಗೆ ಬರುತ್ತಿದ್ದದ್ದು ಹತ್ತಕ್ಕೆ. ಒಂಬತ್ತಕ್ಕೆ ಷಟರ್ ಎತ್ತುತ್ತಿದ್ದದ್ದು ಒಬ್ಬರೇ.

ಆರನೆಯ ಹೆಸರು ಬರೆಯಲು ನನಗೆ ಕೈ ಬರಲಿಲ್ಲ. ಪೆನ್ಸಿಲ್ಲಿನಲ್ಲಿ ಬರೆದೆ.

ಜುಲೈ 23, ಮಂಗಳವಾರ. ಅತ್ತೆಗೆ ತಲೆನೋವು ಮಾತ್ರೆ ತರುತ್ತೇನೆಂದು ಸುಳ್ಳು ಹೇಳಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಸ್ಟುಡಿಯೋದ ಎದುರಿನ ಟೀ ಅಂಗಡಿಯ ಕಂಬದ ಹಿಂದೆ ನಿಂತೆ. ಮಾವ ಕಸ ಗುಡಿಸಿದರು. ದೇವರ ಪಟಕ್ಕೆ, ಕ್ಯಾಮೆರಾಕ್ಕೆ, ಪ್ರಿಂಟರಿಗೆ ಊದುಬತ್ತಿ ಬೆಳಗಿದರು. ಕಂಪ್ಯೂಟರ್ ಹಾಕಿದರು. ನಾನು ರಸ್ತೆ ದಾಟಿ ಬಾಗಿಲ ಪಕ್ಕಕ್ಕೆ ಬಂದೆ. ಪರದೆಯ ಮೇಲೆ ಮುನಿಯಮ್ಮನವರ ಮುಖ ತೆರೆಯಿತು. ಮಾವ ಏನೋ ಗುನುಗುತ್ತ, ಮೌಸನ್ನು ಮುಖದ ಮೇಲೆ ಸುತ್ತು ಸುತ್ತಾಗಿ ಆಡಿಸಿದರು. ತುಟಿಯಲ್ಲೇ "ಒಕಟಿ, ರೆಂಡು, ಮೂಡು, ನಾಲುಗು" ಎಂದು ತೆಲುಗಿನಲ್ಲಿ ನಾಲ್ಕರವರೆಗೆ ಎಣಿಸಿದರು. ಸೇವ್ ಮಾಡಿದರು. ಫೈಲ್ ಮುಚ್ಚಿ ಪೇಪರ್ ತೆಗೆದು ಓದಲು ಕೂತರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ.

"ಮಾವ."

"ಏನಮ್ಮ, ಇಷ್ಟು ಬೇಗ?"

"ಈಗ ಏನು ಮಾಡಿದ್ರಿ?"

"ಏನು ಮಾಡ್ದೆ? ಪೇಪರ್ ಓದ್ತಿದೀನಿ."

"ಅದಕ್ಕೆ ಮುಂಚೆ. ಆ ಫೋಟೋಗೆ."

"ಏನೂ ಮಾಡಿಲ್ಲಪ್ಪ."

ನನಗೆ ಸಿಟ್ಟು ಬಂತು. ಡೈರಿ ತೆಗೆದು ಹೋದ ವಾರದ ತೇಪೆಗಳ ಲೆಕ್ಕ ಓದಿದೆ, ಎರಡು, ಮೂರು, ಆರು, ಏಳು, ಒಂಬತ್ತು. ನಿನ್ನೆಯ ಸಮಯ ಓದಿದೆ. ಈಗ ಬಾಗಿಲಲ್ಲಿ ನಿಂತು ನೋಡಿದ್ದನ್ನು ಹೇಳಿದೆ. ಮಾವ ಪೇಪರ್ ಮಡಚಿದರು. ಅವರ ಮುಖದಲ್ಲಿ ಸಿಕ್ಕಿಬಿದ್ದವರ ಕಳೆ ಇರಲಿಲ್ಲ. ನಾನು ಏನು ಹೇಳುತ್ತಿದ್ದೇನೆಂದೇ ಗೊತ್ತಾಗದವರ ಹಾಗೆ ನೋಡಿದರು.

"ಅದಾ? ಅದು ಮುಟ್ಟೋದಲ್ಲ ಪಾಪಾ. ಮುಟ್ಟೋದು ಅಂದ್ರೆ ಮುಚ್ಚಿದ ಕಣ್ಣು ಬಿಡಿಸೋದು, ಮೀಸೆ ತಿದ್ದೋದು. ಇದು ಪ್ರಿಂಟಿಗೆ ಮುಂಚೆ ಮಾಡಲೇಬೇಕಾದ್ದು. ಮುಖ ಅಂದ್ರೆ ನಾಲ್ಕು."

ಕತ್ತಲೆ ಕೋಣೆಯ ಕಾಲದಲ್ಲಿ, ಕಾಗದದ ಮೇಲೆ ಬೆಳಕು ಬೀಳುವಾಗ, ತಂತಿಯ ತುದಿಗೆ ಅಂಟಿಸಿದ ಗುಂಡನೆಯ ರಟ್ಟನ್ನು ಮುಖದ ಮೇಲೆ ಆಡಿಸುತ್ತಿದ್ದರಂತೆ. ರಟ್ಟಿನ ನೆರಳು ಬಿದ್ದಷ್ಟು ಹೊತ್ತು ಆ ಜಾಗ ಕಪ್ಪಾಗುವುದಿಲ್ಲ. ನಾಲ್ಕು ಎಣಿಸುವಷ್ಟು ಹೊತ್ತು. ಅವರ ಗುರು ಹಾಗೇ ಕಲಿಸಿದ್ದು. ಮಾವ ಹೇಳುತ್ತಲೇ ಗಾಳಿಯಲ್ಲಿ ಕೈ ಆಡಿಸಿ ತೋರಿಸಿದರು, ಬೆರಳಲ್ಲಿ ಇಲ್ಲದ ತಂತಿ ಹಿಡಿದು. ಈಗ ರಟ್ಟಿನ ಬದಲು ಮೌಸ್, ಅಷ್ಟೇ. ಕಂಪ್ಯೂಟರಿನಲ್ಲಿ ಪ್ರಿಂಟ್ ಆಗಬೇಕಾದ ಮುಖ ಕಂಡರೆ ನಾಲ್ಕು. ಮುನಿಯಮ್ಮನವರ ಮುಖ ದಿನಾ ಬೆಳಿಗ್ಗೆ ಕಾಣುತ್ತಿತ್ತು, ದಿನಾ ನಾಲ್ಕು. ಐದು ದಿನಕ್ಕೆ ಇಪ್ಪತ್ತು. ಕಪ್ಪಿನೊಳಗಿದ್ದ ಸೂಕ್ಷ್ಮ ಮೆಟ್ಟಿಲುಗಳನ್ನು ಎಳೆದೆಳೆದು ಬಿಳಿಗೆ ತಂದರೆ ನಡುವೆ ಬಿರುಕು ಬಿಡದೆ ಇನ್ನೇನು?

"ಮೇಡಂಗೆ ಸಹಿ ಹಾಕಿ ಕೊಟ್ಟಿದೀರಿ, ಮಾವ."

"ಕಪ್ಪಗೆ ಕೊಟ್ರೆ ಜನ ಮುಖದ ಮೇಲೆ ಎಸೆದು ಹೋಗ್ತಾರೆ ಕಣಮ್ಮ. ಇಷ್ಟು ವರ್ಷದಲ್ಲಿ 'ನನ್ನ ಬಣ್ಣ ನನಗಿರಲಿ' ಅಂದೋರು ಒಬ್ಬರೂ ಇಲ್ಲ."

"ಒಬ್ಬರು ಬಂದಿದಾರಲ್ಲ."

ಮಾವ ಪೇಪರನ್ನು ಇನ್ನೊಂದು ಸಲ ಮಡಚಿದರು. ನಾನು ಅವರೆದುರಿಗೇ ಪೆನ್‌ಡ್ರೈವಿನ ಪ್ರತಿಯನ್ನು ಕಂಪ್ಯೂಟರಿಗೆ ಹಾಕಿ, ಅದಕ್ಕೆ ಪಾಸ್‌ವರ್ಡ್ ಹಾಕಿದೆ. "ಸ್ವಂತ ಮಾವನಿಗೆ ಬೀಗ" ಎಂದು ನಕ್ಕರು, ಆದರೆ ನಗು ಅರ್ಧಕ್ಕೇ ನಿಂತಿತು. ಆ ಸಂಜೆಯಿಂದ ಎರಡು ದಿನ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅತ್ತೆ ಕಾರಣ ಕೇಳಿದರು. ಇಬ್ಬರೂ "ಏನಿಲ್ಲ" ಎಂದೆವು.

ಅವರ ಮೇಲೆ ಕೋಪ ಇಟ್ಟುಕೊಂಡೇ, ಬುಧವಾರ ಬಿಡುವಿನಲ್ಲಿ ಆ ತಿಂಗಳು ನಾನೇ ಮಾಡಿದ್ದ ಪಾಸ್‌ಪೋರ್ಟ್ ಫೋಟೋಗಳನ್ನು ತೆರೆದು ನೋಡಿದೆ. ಮೂವತ್ತೆಂಟು ಮುಖ. ಮೂವತ್ತೈದನ್ನು ಬೆಳ್ಳಗೆ ಮಾಡಿದ್ದೆ. ಮಾಡಿ ಎಂದು ಕೇಳಿದ್ದವರು ಒಂಬತ್ತು ಜನ. ಉಳಿದ ಇಪ್ಪತ್ತಾರು ನನ್ನ ಕೈಯೇ ಮಾಡಿದ್ದು. ಮಾಡಿದ್ದು ನನಗೆ ನೆನಪೂ ಇರಲಿಲ್ಲ. ನೆಗೆಟಿವ್ ಬಗ್ಗೆ ಕೇಳಿದ್ದೆ, ಅಂಗಡಿಯವನನ್ನು ಕೇಳಿದ್ದೆ, ನನ್ನನ್ನು ಯಾರೂ ಕೇಳಿರಲಿಲ್ಲ. ಏಳನೆಯ ಹೆಸರು ನನ್ನದು. ಅದನ್ನು ಪೆನ್ನಿನಲ್ಲಿ ಬರೆದೆ, ಮಾವನ ಹೆಸರಿನ ಮೇಲೂ ಪೆನ್ನು ಆಡಿಸಿದೆ.

ಶುಕ್ರವಾರ ಕೊನೆಯ ಪ್ರಿಂಟ್ ತೆಗೆದೆ. ಕತ್ತಿನ ಕೆಳಗಿನ ನೆರಳು, ದವಡೆ, ಕೆನ್ನೆ, ಕಣ್ಣ ಕೆಳಗಿನ ಗುಳಿ, ಎಲ್ಲ ಕಪ್ಪಿನಲ್ಲೇ ಇದ್ದು ಒಂದೊಂದೂ ಬೇರೆ ಕಪ್ಪು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಬೆರಳಿಟ್ಟು ತೋರಿಸಲಾಗದು. ಮಾವ ಕೌಂಟರಿನ ಆ ಕಡೆಯಿಂದ ಕೈ ಚಾಚಿದರು. ಕೊಡಲು ಹಿಂದೆಗೆದೆ, ಆಮೇಲೆ ಕೊಟ್ಟೆ. ಪ್ರಿಂಟ್ ಆದ ಮೇಲೆ ಇನ್ನೇನು ಮಾಡಿಯಾರು? ಅವರು ಮಸೂರ ಇಟ್ಟು ತುಂಬ ಹೊತ್ತು ನೋಡಿದರು.

"ಈ ಕಪ್ಪಲ್ಲಿ ಇಷ್ಟೆಲ್ಲ ಇರುತ್ತಾ?" ಎಂದರು. ಅದು ನನಗೆ ಹೇಳಿದ್ದಲ್ಲ.

ಮರುದಿನ ಸುಜಾತಾ ಮೇಡಂ ಅದನ್ನು ಬಾಗಿಲಲ್ಲಿ ಹಿಡಿದು, ತಮ್ಮ ಮುಂಗೈಯನ್ನು ಅಮ್ಮನ ಕೈ ಪಕ್ಕ ಇಟ್ಟು ನೋಡಿದರು. ಮೂಗುಬೊಟ್ಟು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ. "ನಾಳೆ ನೀನೇ ಇದನ್ನ ತಗೊಂಡು ಬಾ ನಮ್ಮನೆಗೆ. ಏನು ತೆಗೆದಿದೀಯ, ಏನು ಬಿಟ್ಟಿದೀಯ ಅಂತ ಅಣ್ಣ ಕೇಳಿದ್ರೆ ನೀನೇ ಹೇಳ್ಬೇಕು. ನನ್ನ ಮಾತು ಅವನು ನಂಬಲ್ಲ."

ಜುಲೈ 28, ಭಾನುವಾರ. ಚಿಂತಾಮಣಿಗೆ ಹೋಗಿ, ಅಲ್ಲಿಂದ ಕೈವಾರದ ಬಸ್ ಹಿಡಿದೆ. ಬಸ್ಸಿನ ತುಂಬ ಮಠಕ್ಕೆ ಹೋಗುವ ಜನ. ಪ್ರಿಂಟನ್ನು ಎರಡು ರಟ್ಟಿನ ನಡುವೆ ಇಟ್ಟು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅಂಚೆ ಕಚೇರಿಯಿಂದ ಕಣ್ಣಿನ ಕಾರಣಕ್ಕೆ ರಜೆಯ ಮೇಲಿದ್ದ ಆನಂದಣ್ಣ ನಡುಮನೆಯಲ್ಲಿ ಕೂತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿದ ಚೌಕಟ್ಟು. ಅದೇ ಹಿಟ್ಟು ಬಳಿದ ಮುಖ.

"ನೀನೇನಮ್ಮ ನಮ್ಮಮ್ಮನ ಮೂಗುಬೊಟ್ಟು ಕದ್ದೋಳು?"

"ವಾಪಸ್ ಇಟ್ಟಿದೀನಿ ಸರ್."

ನಕ್ಕರು. "ಏನೇನು ಮುಟ್ಟಿದೀಯ? ಹೇಳು."

ಡೈರಿ ತೆಗೆದು ಓದಿದೆ. ಚುಕ್ಕೆ ಅರವತ್ತಮೂರು, ಅಳಿಸಿದ್ದು ಐವತ್ತೊಂದು, ಉಳಿಸಿದ್ದು ಹನ್ನೆರಡು. ಮಾವನ ನಾಲ್ಕು ಎಣಿಕೆಯನ್ನೂ ಹೇಳಿದೆ, ಅದು ಈ ಪ್ರಿಂಟಿನಲ್ಲಿ ಇಲ್ಲ ಎಂದೂ ಹೇಳಿದೆ. ಅವರು ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡರು. ಪ್ರಿಂಟನ್ನು ಮುಖದ ಹತ್ತಿರ ತಂದು ಕನ್ನಡಿ ಇಟ್ಟರು. ಕೈಯಿಂದ ಶುರು ಮಾಡಿ, ಸೀರೆಯ ಅಂಚು, ಕತ್ತು, ಆಮೇಲೆ ಮುಖ. ನಾನು ಗಡಿಯಾರ ನೋಡಿದೆ, ಏಳು ನಿಮಿಷ. ಮೇಡಂ ಅಡುಗೆಮನೆಯ ಬಾಗಿಲಿಗೆ ಒರಗಿ ಅಣ್ಣನ ಮುಖವನ್ನೇ ನೋಡುತ್ತಿದ್ದರು.

"ಚುಕ್ಕೆ ಇಲ್ಲ" ಎಂದರು ಆನಂದಣ್ಣ. "ನುಣ್ಣಗಿದೆ."

ಕನ್ನಡಿ ಇಳಿಸಿದರು.

"ಇವರು ಯಾರು ಅಂತ ನನಗೆ ಗೊತ್ತಾಗ್ತಿಲ್ಲ, ಸುಜಾತಾ."

"ಅಣ್ಣಾ, ಅಮ್ಮ."

"ಇರಬಹುದು ಕಣೇ. ಈ ಹುಡುಗಿ ಸುಳ್ಳು ಹೇಳ್ತಿದಾಳೆ ಅಂತ ಅಲ್ಲ." ಗೋಡೆಯ ಕಡೆ ಗದ್ದ ಎತ್ತಿದರು. "ನಲವತ್ತು ವರ್ಷ ದಿನಾ ಎದ್ದು ಅವಳ ಮುಖ ನೋಡಿದೀನಿ. ಕಣ್ಣು ಮುಚ್ಚಿದ್ರೆ ಅವಳೇ ಬರ್ತಾಳೆ. ಇವರನ್ನ ನೋಡಿದ ನೆನಪೇ ಇಲ್ಲ."

ಮೇಡಂ ಬಂದು, ಪ್ರಿಂಟ್ ತೆಗೆದುಕೊಳ್ಳಲು ಕೈ ನೀಡಿದರು. ನಾನೂ ರಟ್ಟುಗಳನ್ನು ಜೋಡಿಸಿಕೊಂಡು ಎದ್ದು ನಿಂತಿದ್ದೆ.

ಆನಂದಣ್ಣ ಬಿಡಲಿಲ್ಲ.

"ಇರಲಿ ಬಿಡು. ಇನ್ನೂ ಹನ್ನೊಂದು ದಿನ ಇದೆಯಲ್ಲ, ದಿನಾ ನೋಡ್ತೀನಿ" ಎಂದರು. ಕುರ್ಚಿಯನ್ನು ಇನ್ನೊಂದು ಗೇಣು ಬೆಳಕಿಗೆ ಸರಿಸಿಕೊಂಡು, ಕನ್ನಡಿಯನ್ನು ಬೈತಲೆಯ ಹತ್ತಿರ ಇಟ್ಟು, ಮೊದಲಿನಿಂದ ನೋಡತೊಡಗಿದರು.